ಬೂದಿಯೋ ತಿಪ್ಪೆಯೋ: ಎರೆಮಣ್ಣು ಕೇಳುವ ಶುಚಿಯ ಪ್ರಶ್ನೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ದನದ ಹೆಂಡಿಗೆ ಮೂರು ದಾರಿಗಳಿವೆ. ಗೋಡೆಗೆ ಬಡಿಸಿಕೊಂಡು ಕುಳ್ಳಾಗಿ ಒಲೆ ಸೇರಬಹುದು. ಸುಟ್ಟು, ಸೋಸಿ, ಗಟ್ಟಿ ಕಟ್ಟಿಸಿಕೊಂಡು ವಿಭೂತಿಯಾಗಿ ಹಣೆಗೇರಬಹುದು. ಇಲ್ಲವೇ ಕಸಕಡ್ಡಿಯ ಜೊತೆ ತಿಪ್ಪೆಗೆ ಬಿದ್ದು, ಕಳಿತು, ಮುಂಗಾರಿಗೆ ಮುಂಚೆ ಹೊಲಕ್ಕೋ ಹಿತ್ತಲಿಗೋ ಹೋಗಬಹುದು. ಮೊದಲನೆಯದು ರೊಟ್ಟಿ ಬೇಯಿಸುತ್ತದೆ, ಎರಡನೆಯದಕ್ಕೆ ಕೈಮುಗಿಯುತ್ತೇವೆ, ಮೂರನೆಯದರ ಪಕ್ಕ ಹಾಯುವಾಗ ಮೂಗು ಮುಚ್ಚಿಕೊಳ್ಳುತ್ತೇವೆ. ಬೆಂಕಿ ಮುಟ್ಟಿದ್ದು ಶುಚಿ, ಕೊಳೆತದ್ದು ಮೈಲಿಗೆ ಎಂಬ ಎಣಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ ಅದನ್ನು ಯಾರೂ ಪ್ರಶ್ನೆಯಾಗಿ ಎತ್ತುವುದೇ ಇಲ್ಲ. ಆದರೆ ನಾಲ್ಕು ಸಾಲು ಬದನೆ, ಒಂದು ಮಡಿ ಮೆಂತೆ, ಬೇಲಿಗೊಂದು ಹೀರೆಬಳ್ಳಿ ಬೆಳೆಸಬೇಕೆಂದು ಎರೆಮಣ್ಣನ್ನು ಹದಮಾಡಲು ಹೊರಟವರ ಎದುರಿಗೆ ಈ ಪ್ರಶ್ನೆ ತಾನಾಗಿಯೇ ಬಂದು ನಿಲ್ಲುತ್ತದೆ. ಕೊಳೆಯುವುದು ನಿಜಕ್ಕೂ ಅಶುದ್ಧಿಯೇ? ಅಲ್ಲವೆಂದೇ ನನ್ನ ವಾದ. ಕಳಿಯುವುದು ಶುದ್ಧಿಯ ಇನ್ನೊಂದು ಕ್ರಮ. ಮಣ್ಣಿಗೆ ಉಣಿಸುವುದು ಬೇಸಾಯದ ಒಂದು ಕೆಲಸವಾಗಿರುವಷ್ಟೇ ಧರ್ಮದ ಕರ್ತವ್ಯವೂ ಹೌದು. ಇದಕ್ಕೆ ಆಧಾರವನ್ನು ಹೊರಗಿನಿಂದ ತರಬೇಕಾಗಿಲ್ಲ, ಈ ನೆಲದ ಪರಂಪರೆಯಲ್ಲೇ ಅದು ಇದೆ.

ಬೆಂಕಿಗೆ ಇಲ್ಲಿ ಸಿಕ್ಕಿರುವ ಗೌರವ ಸಣ್ಣದೇನಲ್ಲ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ, ಭೀಮಾ–ಅಮರ್ಜಾ ಸಂಗಮದ ಹತ್ತಿರ, ಭಸ್ಮದ ಗುಡ್ಡವಿದೆ. ಅದು ಹಿಂದಿನ ಯಜ್ಞಗಳ ಬೂದಿಯೆಂದು ನಂಬಿದ ದತ್ತಭಕ್ತರು ಮಹಾರಾಷ್ಟ್ರದಿಂದಲೂ ಬಂದು ಆ ಭಸ್ಮವನ್ನು ಮನೆಗೆ ಒಯ್ಯುತ್ತಾರೆ. ಜೇವರ್ಗಿಯಲ್ಲಿ ಬಾಳಿ ‘ಅಖಂಡೇಶ್ವರ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ಪರಂಪರೆಯಲ್ಲಿ ವಿಭೂತಿ ಅಷ್ಟಾವರಣಗಳಲ್ಲಿ ಒಂದು. ಇನ್ನೂ ಹಿಂದಕ್ಕೆ ಹೋದರೆ, ನೆರೆಯ ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್ಲುಗಳಲ್ಲಿ ನವಶಿಲಾಯುಗದ ಬೂದಿದಿಬ್ಬಗಳಿವೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದನಗಾರರು ರಾಶಿ ರಾಶಿ ಹೆಂಡಿಯನ್ನು ಸುಟ್ಟು ಉಳಿಸಿದ ದಿಬ್ಬಗಳಿವು. ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ಉತ್ಖನನ ನಡೆಸಿ ಅಲ್ಲಿ ಜನ ನೆಲೆಸಿ ಬಾಳಿದ ಕುರುಹುಗಳನ್ನು ತೋರಿಸಿದರು; ಇಂಥ ದಿಬ್ಬಗಳ ಬಗ್ಗೆ 1963ರಲ್ಲಿ ಪುಸ್ತಕ ಬರೆದ ರೇಮಂಡ್ ಆಲ್ಚಿನ್, ಈ ಸುಡುವಿಕೆಯ ಹಿಂದೆ ಹಬ್ಬದ ಆಚರಣೆ ಇದ್ದಿರಬಹುದೆಂದು ಊಹಿಸಿದ್ದರು. ಕಾರಣ ಏನೇ ಇರಲಿ, ಈ ಕಡೆಯ ಜನ ಹೆಂಡಿಯನ್ನು ಬೆಂಕಿಗೆ ಒಪ್ಪಿಸುವ ರೂಢಿ ವೇದ, ವಚನಗಳಿಗಿಂತ ಹಳೆಯದು. ಇಷ್ಟು ಹಳೆಯ ರೂಢಿಯನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು. ವಿಭೂತಿ ಮನುಷ್ಯನಿಗೆ ಅವನ ದೇಹದ ಕೊನೆಯನ್ನು ನೆನಪಿಸುತ್ತದೆ, ಅಹಂಕಾರ ಸುಟ್ಟುಕೋ ಎನ್ನುತ್ತದೆ. ಆ ಪಾಠ ಮನುಷ್ಯನಿಗೆ ಬೇಕು. ಮಣ್ಣಿಗೆ ಅದೇ ಬೇಕೇ ಎಂಬುದನ್ನು ಮಾತ್ರ ಮಣ್ಣನ್ನೇ ಕೇಳಬೇಕು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಕಡೆ ಹೆಚ್ಚಾಗಿ ಇರುವುದು ದಖ್ಖನ್ನಿನ ಕಪ್ಪುಕಲ್ಲು ಶಿಥಿಲವಾಗಿ ಆದ ಕರಿ ಎರೆಭೂಮಿ. ಜೇವರ್ಗಿ ಕಡೆ ಭೀಮೆಯ ಪಾತ್ರದಲ್ಲಿ ಸುಣ್ಣಕಲ್ಲಿನ ಪದರವೂ ಸೇರಿಕೊಳ್ಳುತ್ತದೆ. ಇಂಥ ಮಣ್ಣಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 40ರಿಂದ 60 ಭಾಗ ಜೇಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಪೊಟ್ಯಾಶ್ ಮತ್ತು ಸುಣ್ಣದ ಅಂಶ ಧಾರಾಳ. ರಸಸಾರ 8ರ ಆಸುಪಾಸು ಅಥವಾ ಅದಕ್ಕೂ ಮೇಲೆ, ಅಂದರೆ ಕ್ಷಾರದ ಕಡೆಗೆ. ಕೊರತೆ ಇರುವುದು ಸಾರಜನಕದ್ದು, ಗಿಡಕ್ಕೆ ಸಿಗುವ ರಂಜಕದ್ದು, ಕ್ಷಾರದ ಕಾರಣ ಬೇರಿಗೆ ಎಟುಕದೆ ಉಳಿಯುವ ಸತು ಮತ್ತು ಕಬ್ಬಿಣದ್ದು, ಎಲ್ಲಕ್ಕಿಂತ ಮಿಗಿಲಾಗಿ ಸಾವಯವ ಇಂಗಾಲದ್ದು. ಬಿಸಿಲು ಹೆಚ್ಚು, ಮಳೆ ಕಡಿಮೆ ಇರುವ ಇಂಥ ಸೀಮೆಯಲ್ಲಿ ಅದು ಸಾಮಾನ್ಯವಾಗಿ ಶೇಕಡಾ ಅರ್ಧವನ್ನೂ ಮುಟ್ಟುವುದಿಲ್ಲ. ಈಗ ಬೂದಿಯ ಲೆಕ್ಕ ನೋಡೋಣ. ಹೆಂಡಿ ಸುಟ್ಟಾಗ ಅದರಲ್ಲಿದ್ದ ಇಂಗಾಲ ಮತ್ತು ಸಾರಜನಕ ಬಹುಮಟ್ಟಿಗೆ ಹೊಗೆಯಾಗಿ ಹೋಗುತ್ತವೆ. ಉಳಿಯುವುದು ಸುಣ್ಣ, ಪೊಟ್ಯಾಶ್, ಸ್ವಲ್ಪ ರಂಜಕ. ಬೂದಿಯ ಗುಣವೇ ತೀವ್ರ ಕ್ಷಾರ. ಮಲೆನಾಡಿನ ಹುಳಿಮಣ್ಣಿಗೆ ಬೂದಿ ಔಷಧಿಯಾದೀತು. ಇಲ್ಲಿಯ ಎರೆಗೆ ಅದು ಇದ್ದದ್ದನ್ನೇ ಮತ್ತೆ ಕೊಟ್ಟು, ಇಲ್ಲದ್ದನ್ನು ಕಸಿದುಕೊಳ್ಳುತ್ತದೆ. ಹಿತ್ತಲಿನ ಗಿಡದ ಬುಡಕ್ಕೆ ಒಲೆಯ ಬೂದಿ ಸುರಿಯುವುದು ಪವಿತ್ರವೂ ಹೌದು, ಉಪಯುಕ್ತವೂ ಹೌದು ಎಂಬ ನಂಬಿಕೆ ಈ ಮಣ್ಣಿನ ಮಟ್ಟಿಗೆ ನಿಲ್ಲುವುದಿಲ್ಲ. ಮನುಷ್ಯನ ಹಣೆಗೆ ಶ್ರೇಷ್ಠವಾದದ್ದು ನೆಲದ ಹೊಟ್ಟೆಗೂ ಶ್ರೇಷ್ಠವಾಗಿರಬೇಕೆಂಬ ನಿಯಮವಿಲ್ಲ.

ಹಾಗಾದರೆ ತಿಪ್ಪೆಯಲ್ಲಿ ನಡೆಯುವುದೇನು? ಅಲ್ಲಿಯೂ ಸುಡುವಿಕೆಯೇ ನಡೆಯುತ್ತದೆ, ಆದರೆ ಜೀವಿಗಳ ಮೂಲಕ, ನಿಧಾನವಾಗಿ. ಒಣ ಎಲೆ, ಜೋಳದ ದಂಟು, ತೊಗರಿಯ ಹೊಟ್ಟಿನಂಥ ಇಂಗಾಲದ ಪದಾರ್ಥವನ್ನು ಹೆಂಡಿ, ಹಸಿರು ಸೊಪ್ಪಿನಂಥ ಸಾರಜನಕದ ಪದಾರ್ಥದೊಡನೆ, ಇಂಗಾಲ 25ರಿಂದ 30 ಪಾಲಿಗೆ ಸಾರಜನಕ ಒಂದು ಪಾಲು ಬರುವಂತೆ ಬೆರೆಸಿ, ಹಿಂಡಿದ ಬಟ್ಟೆಯಷ್ಟು ತೇವ ಇಟ್ಟು, ಗಾಳಿಯಾಡಿಸಿದರೆ ಕೆಲವೇ ದಿನಗಳಲ್ಲಿ ರಾಶಿಯ ಒಳಗು 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಕಾವಿಗೆ ರೋಗಾಣುಗಳು ಸಾಯುತ್ತವೆ, ಕಳೆಬೀಜ ಸುಟ್ಟುಹೋಗುತ್ತದೆ, ದುರ್ವಾಸನೆ ಅಡಗುತ್ತದೆ. ಕೊನೆಗೆ ಉಳಿಯುವುದು ಮೊದಲ ಮಳೆಯ ನೆಲದ ವಾಸನೆಯ, ಮೂಲರೂಪ ಗುರುತು ಸಿಗದ ಕಪ್ಪು ಪುಡಿ. ಇಂಗಾಲದ ಸುಮಾರು ಅರ್ಧ ಇಲ್ಲಿಯೂ ಗಾಳಿಗೆ ಹೋಗುತ್ತದೆ, ನಿಜ. ಆದರೆ ಉಳಿದ ಅರ್ಧ ಮಣ್ಣಿನಲ್ಲಿ ನಿಲ್ಲುವ ರೂಪ ಪಡೆಯುತ್ತದೆ, ಮುಚ್ಚಿ ಕಾಪಾಡಿದರೆ ಸಾರಜನಕದ ಬಹುಪಾಲೂ ಉಳಿಯುತ್ತದೆ. ಉಂಡ ಅನ್ನವನ್ನು ಪಚನ ಮಾಡುವ ಶಕ್ತಿಯನ್ನು ನಮ್ಮ ಶಾಸ್ತ್ರಗಳು ಅಗ್ನಿಯೆಂದೇ ಕರೆದಿವೆ. ಜಠರಾಗ್ನಿಗೆ ವೈಶ್ವಾನರನೆಂಬ ದೇವರ ಹೆಸರನ್ನೂ ಕೊಟ್ಟಿವೆ. ಹೊಟ್ಟೆಯೊಳಗೆ ನಡೆಯುವ ಪಚನ ದೈವಿಕವಾದರೆ, ತಿಪ್ಪೆಯೊಳಗೆ ನಡೆಯುವ ಅದೇ ಪಚನ ಮೈಲಿಗೆ ಹೇಗಾದೀತು? ಬೆಂಕಿಯೇ ಶುದ್ಧಿಯ ಅಳತೆಗೋಲು ಎನ್ನುವವರು ತಮ್ಮ ಅಳತೆಗೋಲಿನ ಪ್ರಕಾರವೇ ತಿಪ್ಪೆಯನ್ನು ಒಪ್ಪಬೇಕಾಗುತ್ತದೆ.

ಇದಕ್ಕೆ ಮೊದಲ ಆಕ್ಷೇಪ ಆರೋಗ್ಯದ್ದು. ಹಿರಿಯರು ಕೊಳೆಯನ್ನು ದೂರ ಇಟ್ಟದ್ದು ಸುಮ್ಮನೆ ಅಲ್ಲ; ನೊಣ, ಹುಳ, ವಾಂತಿಭೇದಿ ಅಲ್ಲಿಂದಲೇ ಬರುತ್ತಿದ್ದವು. ಈ ಮಾತಿನಲ್ಲಿ ತೂಕವಿದೆ. ಅರೆಕೊಳೆತ ಹೆಂಡಿಯನ್ನು ಪಲ್ಯದ ಮಡಿಗೆ ಹಾಕಿದರೆ ಎಳೆಬೇರು ಸುಟ್ಟೀತು, ಗೆದ್ದಲು ಹತ್ತೀತು, ಹಸಿಯಾಗಿ ತಿನ್ನುವ ಸೊಪ್ಪಿಗೆ ರೋಗಾಣು ಅಂಟೀತು. ಬರೀ ಹೊಟ್ಟು, ದಂಟು ಸೇರಿಸಿದರೆ ಅದನ್ನು ಕರಗಿಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಬಳಿಸಿ ಗಿಡ ಹಳದಿಯಾದೀತು. ಆದ್ದರಿಂದ ಭೇದ ಮಾಡಬೇಕಾದದ್ದು ಹಸಿ ಕೊಳೆಗೂ ಪಕ್ವವಾದ ಕಳಿತಕ್ಕೂ ನಡುವೆ. ಹಿರಿಯರ ಎಚ್ಚರ ಮೊದಲನೆಯದಕ್ಕೆ ಸಲ್ಲುತ್ತದೆ. ಅದನ್ನು ಎರಡನೆಯದಕ್ಕೂ ಹಚ್ಚಿ ಇಡೀ ತಿಪ್ಪೆಯನ್ನೇ ಮೈಲಿಗೆ ಮಾಡಿದಾಗ ಎಚ್ಚರ ಹೋಗಿ ಅಸಹ್ಯವಷ್ಟೇ ಉಳಿಯಿತು. ಅಸಹ್ಯದಿಂದ ಆದ ನಷ್ಟ ಕಣ್ಣೆದುರಿಗಿದೆ: ಮನೆಯ ಹಿಂದೆ ಬಿಸಿಲಿಗೂ ಮಳೆಗೂ ತೆರೆದುಕೊಂಡ ತಿಪ್ಪೆಯಲ್ಲಿ ಸಾರಜನಕ ಆವಿಯಾಗಿ, ಕೊಚ್ಚಿ ಹೋಗಿ, ಗೊಬ್ಬರದ ಅರೆಸತ್ವ ಹೊಲ ಮುಟ್ಟುವ ಮುನ್ನವೇ ಮುಗಿದಿರುತ್ತದೆ. ಗೌರವವಿದ್ದಲ್ಲಿ ಆರೈಕೆ ಇರುತ್ತದೆ; ಮೂಗು ಮುಚ್ಚಿಕೊಂಡು ಮಾಡಿದ ಕೆಲಸಕ್ಕೆ ಆರೈಕೆ ಇರದು.

ಪರಂಪರೆಯಲ್ಲಿ ಆಧಾರವಿದೆ ಎಂದೆ. ಈಗ ಅದನ್ನು ತೋರಿಸಬೇಕು. ಆಳಂದದ ನೆರೆಯ ಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಐದು ಸೂತಕಗಳನ್ನು ನಿರಾಕರಿಸಿದರು: ಜಾತಿ, ಜನನ, ಮರಣ, ರಜಸ್ಸು ಮತ್ತು ಎಂಜಲು. ಹುಟ್ಟು, ಸಾವು, ದೇಹದ ಸ್ರಾವ, ಉಂಡು ಉಳಿದದ್ದು, ಇವೆಲ್ಲ ಮಣ್ಣಿಗೆ ಮರಳುವ ವಸ್ತುಗಳೊಂದಿಗೆ ಹೆಣೆದುಕೊಂಡ ಸಂಗತಿಗಳು ಎಂಬುದನ್ನು ಗಮನಿಸಿ. ಇವುಗಳಲ್ಲಿ ಹೊಲೆಯಿಲ್ಲ ಎಂದವರು ತಿಪ್ಪೆಯ ಬಗ್ಗೆ ಪ್ರತ್ಯೇಕ ಸಿದ್ಧಾಂತ ಹೇಳಬೇಕಾಗಿರಲಿಲ್ಲ. ಅವರ ಮಾತನ್ನು ಹಿತ್ತಲವರೆಗೆ ಒಯ್ದರೆ ಸಾಕು. ಇನ್ನೊಂದು ಸಾಕ್ಷಿ ಸಮಾಧಿಯದು. ವಿಭೂತಿಯನ್ನು ಇಷ್ಟು ಎತ್ತರಕ್ಕೆ ಏರಿಸಿದ ಲಿಂಗವಂತ ಸಮಾಜ ತನ್ನ ಸತ್ತವರನ್ನು ಬೂದಿ ಮಾಡುವುದಿಲ್ಲ. ವಿಭೂತಿಯ ಗಟ್ಟಿಗಳೊಡನೆ ಮಣ್ಣಿಗೆ ಒಪ್ಪಿಸುತ್ತದೆ. ಆಳಂದದ ಲಾಡ್ಲೆ ಮಶಾಕ ದರ್ಗಾದ ನೆರಳಿನಲ್ಲಿ ಬಾಳುವ ಮುಸಲ್ಮಾನರ ಶ್ರದ್ಧೆಯಲ್ಲೂ ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಮರಳುವವನು. ತನ್ನ ತಂದೆತಾಯಿಯನ್ನು ಯಾವ ನೆಲದ ಕೈಗೆ ಒಪ್ಪಿಸಬಹುದೋ ಆ ನೆಲ ಮಾಡುವ ಕೆಲಸ ಅಪವಿತ್ರವೆಂದು ಈ ಎರಡೂ ಸಮುದಾಯಗಳು ಹೇಳಲಾರವು. ಉಪನಿಷತ್ತಿನ ದಾರಿಯವರಿಗೂ ಇದು ಹೊಸದಲ್ಲ. ಪ್ರಾಣಿಗಳು ಅನ್ನದಿಂದ ಹುಟ್ಟಿ, ಅನ್ನದಿಂದ ಬಾಳಿ, ಕೊನೆಗೆ ಅನ್ನವನ್ನೇ ಸೇರುತ್ತವೆ ಎಂಬುದು ತೈತ್ತಿರೀಯದ ಉಪದೇಶ. ಕೊಳೆಯುವಿಕೆ ಇಲ್ಲದೆ ಆ ಕೊನೆಯ ಹೆಜ್ಜೆ ಪೂರ್ತಿಯಾಗುವುದಿಲ್ಲ.

ಇದಕ್ಕಿಂತ ಹತ್ತಿರದ ಆಧಾರ ದಾಸೋಹ. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು 18ನೇ ಶತಮಾನದಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಒಕ್ಕಲುತನ ಮಾಡಿದವರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಕಾಳಿನ ಜೊತೆ ನೀರನ್ನೂ ಇಟ್ಟು ಉಣಿಸಿದರೆಂದು ಅವರ ಐತಿಹ್ಯ ಹೇಳುತ್ತದೆ. ದಾಸೋಹವನ್ನು ಮನುಷ್ಯರ ಪಂಕ್ತಿಗೆ ಮಾತ್ರ ಮೀಸಲಿಡದ ಈ ನಡೆ ಮುಖ್ಯ. ಪ್ರತಿ ವರ್ಷ ಎಳ್ಳ ಅಮಾವಾಸ್ಯೆಯಂದು ಇಡೀ ಸೀಮೆ ಇದನ್ನೇ ಮಾಡುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ, ಪುಂಡಿಪಲ್ಯ, ಅಂಬಲಿ, ಕಡುಬು ಹೊತ್ತು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಮನೆಯವರು ಉಣ್ಣುವ ಮೊದಲು ಚರಗ ಚೆಲ್ಲುತ್ತಾರೆ. ಹಿಂಗಾರಿ ಜೋಳ ನಿಂತ ನೆಲಕ್ಕೆ ಮೊದಲ ತುತ್ತು. ಚರಗದ ತುಸು ಅನ್ನದಿಂದ ಎಕರೆಗಟ್ಟಲೆ ಹೊಲಕ್ಕೆ ಏನಾದೀತು, ಅದು ಬರೀ ಸಂಕೇತ ಎಂದು ಯಾರಾದರೂ ಹೇಳಬಹುದು. ಹೌದು, ಸಂಕೇತವೇ. ಆದರೆ ಸಂಕೇತಕ್ಕೆ ಒಂದು ಹಂಗಿದೆ: ಅದು ಸೂಚಿಸುವ ಕೆಲಸ ಉಳಿದ ದಿನಗಳಲ್ಲಿ ನಡೆಯುತ್ತಿದ್ದರೆ ಮಾತ್ರ ಅದು ನಿಜ. ವರ್ಷಕ್ಕೊಮ್ಮೆ ನೆಲಕ್ಕೆ ತುತ್ತಿಟ್ಟು, ಉಳಿದ ದಿನ ಹೆಂಡಿಯನ್ನು ಒಲೆಗೆ, ತೊಗರಿಯ ಕಟ್ಟಿಗೆಯನ್ನು ಬೆಂಕಿಗೆ ಹಾಕುತ್ತ, ಅಫಜಲಪುರದ ಕಬ್ಬಿನ ಗದ್ದೆಯಲ್ಲಿ ರವದಿಗೆ ಕಡ್ಡಿ ಗೀರುತ್ತ ಇದ್ದರೆ ಚರಗ ಕೊಟ್ಟ ಮಾತಷ್ಟೇ ಆಗಿ ಉಳಿಯುತ್ತದೆ, ನಡೆಸಿಕೊಟ್ಟ ಮಾತಾಗುವುದಿಲ್ಲ. ಕುಳ್ಳು ಸುಡುವ ಬಡವರನ್ನು ಇದರಿಂದ ದೂರುವಂತಿಲ್ಲ; ಉರುವಲು ಇಲ್ಲದ ಮನೆಗೆ ಮೊದಲು ಉರುವಲು ಬೇಕು. ಗೋಬರ್ ಗ್ಯಾಸ್ ಈ ಇಕ್ಕಟ್ಟಿಗೆ ಸಿಕ್ಕ ಒಳ್ಳೆಯ ಉತ್ತರ: ಹೆಂಡಿಯಿಂದ ಬೆಂಕಿಯನ್ನು ತೆಗೆದುಕೊಂಡ ಮೇಲೂ ಅದರ ಬಗ್ಗಡದಲ್ಲಿ ಸಾರಜನಕ ಉಳಿದಿರುತ್ತದೆ, ಒಲೆಯೂ ನೆಲವೂ ಒಂದೇ ಹೆಂಡಿಯನ್ನು ಹಂಚಿಕೊಳ್ಳುತ್ತವೆ.

ಎರಡನೆಯ ಆಕ್ಷೇಪ ರೈತರದೇ: ಎರೆಭೂಮಿ ತಾಯಿ, ಕೇಳದೆ ಕೊಡುವವಳು, ತಲೆಮಾರುಗಳಿಂದ ಗೊಬ್ಬರ ಕಾಣದ ಹೊಲ ಜೋಳ, ಕಡಲೆ, ತೊಗರಿ ಕೊಡುತ್ತಲೇ ಇದೆಯಲ್ಲ? ಕೊಟ್ಟಿದೆ, ಕಾರಣವೂ ಇದೆ. ತೊಗರಿಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಕಟ್ಟಿಕೊಡುತ್ತವೆ. ಕಟಾವಿಗೆ ಮುಂಚೆ ಉದುರುವ ಅದರ ಎಲೆ ನೆಲಕ್ಕೇ ಸೇರುತ್ತದೆ. ಬೇಸಿಗೆಯ ಬಿರುಕುಗಳಿಗೆ ಮೇಲ್ಮಣ್ಣು, ಕಸ ಉದುರಿ ನೆಲ ತನ್ನನ್ನು ತಾನೇ ತಿರುವಿಕೊಳ್ಳುತ್ತದೆ. ಕೊಯ್ಲಾದ ಹೊಲದಲ್ಲಿ ಕುರಿ ನಿಲ್ಲಿಸುವ ಕುರುಬರು ಹಿಕ್ಕೆ, ಉಚ್ಚೆಯ ಗೊಬ್ಬರ ಬಿಟ್ಟುಹೋಗುತ್ತಾರೆ. ಅಂದರೆ ಗೊಬ್ಬರ ಕಾಣದ ಹೊಲ ಎಂಬುದೇ ತಪ್ಪೆಣಿಕೆ. ರೈತ ಹಾಕದಿದ್ದಾಗ ಬೇರೆಯವರು ಹಾಕಿದ್ದಾರೆ. ಕಾಯಿಪಲ್ಯದ ಮಾತೇ ಬೇರೆ. ಅದು ಕಡಿಮೆ ಜಾಗದಲ್ಲಿ, ಕಡಿಮೆ ದಿನಗಳಲ್ಲಿ, ಮೇಲಿಂದ ಮೇಲೆ ಕೀಳಿಸಿಕೊಂಡು, ಎಲೆ, ಕಾಯಿ, ಗಡ್ಡೆಯನ್ನೆಲ್ಲ ನೆಲದಿಂದ ಎತ್ತಿಕೊಂಡು ಹೋಗುವ ಬೇಸಾಯ. ತೊಗರಿ ತಾನು ತೆಗೆದದ್ದರಲ್ಲಿ ಒಂದು ಪಾಲನ್ನು ತಾನೇ ಮರಳಿಸುತ್ತದೆ. ಮೆಂತೆ ಸಿವುಡು ಹಾಗೆ ಮರಳಿಸುವುದಿಲ್ಲ. ತಾಯಿ ಎಂದು ಕರೆದ ಮಾತ್ರಕ್ಕೆ ಆಕೆಗೆ ಹಸಿವಿಲ್ಲವೆಂದು ತೀರ್ಮಾನಿಸುವುದು ಭಕ್ತಿಯ ಹೆಸರಿನಲ್ಲಿ ಮಾಡುವ ಅನುಕೂಲದ ಲೆಕ್ಕ.

ಮೂರನೆಯ ಆಕ್ಷೇಪಕ್ಕೆ ಅಂಕಿಗಳ ಬಲವಿದೆ. ತರಕಾರಿಗೆ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ 25 ಟನ್ ಕಳಿತ ಕೊಟ್ಟಿಗೆ ಗೊಬ್ಬರ, ಗುಂಟೆಗೆ ಸುಮಾರು 250 ಕಿಲೊ. ಅದರಲ್ಲಿ ಸಾರಜನಕ ನೂರಕ್ಕೆ ಅರ್ಧ ಭಾಗ. ಅಂದರೆ 250 ಕಿಲೊ ಹೊತ್ತರೆ ಸಿಗುವುದು ಒಂದೂಕಾಲು ಕಿಲೊ ಸಾರಜನಕ. ಶೇ. 46 ಸಾರಜನಕವಿರುವ ಯೂರಿಯಾ ಮೂರು ಕಿಲೊಗಿಂತ ಕಡಿಮೆಯಲ್ಲಿ ಅಷ್ಟನ್ನು ಕೊಡುತ್ತದೆ. ಹೀಗಿರುವಾಗ ಮಣ್ಣಿನ ಋಣವನ್ನು ಅಂಗಡಿಯಲ್ಲಿ ತೀರಿಸಬಾರದೇಕೆ? ಆ ವರ್ಷದ ಬೆಳೆಯ ಮಟ್ಟಿಗೆ ಈ ಲೆಕ್ಕ ಸರಿ. ಹಸಿದ ಗಿಡಕ್ಕೆ ಹಿಡಿ ಯೂರಿಯಾ ಕೊಡುವುದು ಪಾಪವೂ ಅಲ್ಲ. ಆದರೆ ಯೂರಿಯಾ ಉಣಿಸುವುದು ಗಿಡಕ್ಕೆ. ಮಣ್ಣಿಗೆ ಬೇಕಾದ ಇಂಗಾಲವನ್ನು ಅದು ಕೊಡುವುದಿಲ್ಲ. ಕ್ಷಾರದ ಮಣ್ಣಿನ ಮೇಲೆ ಎರಚಿದ ಯೂರಿಯಾದಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಅಂಟಂಟು ಜೇಡಿಯನ್ನು ಹರಳು ಹರಳಾಗಿ ಬಿಡಿಸಿ ಬೇರಿಗೆ ಗಾಳಿ, ನೀರಿಗೆ ದಾರಿ ಮಾಡುವುದು, ಸಿಕ್ಕಿಬಿದ್ದ ಸತು, ಕಬ್ಬಿಣವನ್ನು ಬಿಡಿಸಿಕೊಡುವುದು, ಎರೆಹುಳಕ್ಕೆ ಅನ್ನವಾಗುವುದು, ಇವು ಕಳಿತ ಗೊಬ್ಬರದ ಕೆಲಸಗಳು. ಇಲ್ಲಿ ಒಂದು ನೈತಿಕ ಭೇದವೂ ಇದೆ. ಕೊಂಡು ತಂದ ಚೀಲದಲ್ಲಿ ಕೊಡುವವನಿಗೂ ನೆಲಕ್ಕೂ ನಡುವೆ ಹಣವಷ್ಟೇ ಇರುತ್ತದೆ. ಆ ನೆಲದ ಮೇವು ತಿಂದ ದನದ ಹೆಂಡಿ, ಆ ನೆಲದ ಪಲ್ಯದ ಸಿಪ್ಪೆ ಅದೇ ನೆಲಕ್ಕೆ ಮರಳಿದಾಗ ಪ್ರಸಾದವನ್ನು ಚೆಲ್ಲಬಾರದೆಂಬ ಮಾತಿಗೆ ಪೂರ್ತಿ ಅರ್ಥ ಬರುತ್ತದೆ. ತಟ್ಟೆ ತೊಳೆದು ಕುಡಿಯುವಷ್ಟು ಪ್ರಸಾದನಿಷ್ಠೆ ಇರುವ ಮನೆಯಿಂದ ಸಿಪ್ಪೆ, ಮುಸುರೆ ಪ್ಲಾಸ್ಟಿಕ್ ಚೀಲದಲ್ಲಿ ಗಟಾರಕ್ಕೆ ಹೋಗುವುದು ನಿಷ್ಠೆಯನ್ನು ತಟ್ಟೆಯ ಅಂಚಿಗೇ ನಿಲ್ಲಿಸಿದಂತೆ.

ಬೆಳೆ ಗುರುಕೃಪೆ, ಗೊಬ್ಬರದ ಲೆಕ್ಕ ಶ್ರದ್ಧೆಯಿಲ್ಲದವರದು ಎನ್ನುವವರಿಗೆ ಗಾಣಗಾಪುರದ ಗುರುಚರಿತ್ರೆಯೇ ಉತ್ತರ ಕೊಡುತ್ತದೆ. ಅದರಲ್ಲಿ ಗುರು ನೃಸಿಂಹ ಸರಸ್ವತಿಗಳ ಮಾತಿನಂತೆ ರೈತನೊಬ್ಬ ಮಾಗದ ಪೈರನ್ನು ಬುಡ ಬಿಟ್ಟು ಕೊಯ್ಯುತ್ತಾನೆ, ಊರು ನಗುತ್ತದೆ, ಆಮೇಲೆ ಮಳೆ ಬಂದು ಕೂಳೆ ಚಿಗುರಿ ಹಲವು ಪಟ್ಟು ತೆನೆ ಬರುತ್ತದೆ. ಅಲ್ಲಿ ಕೃಪೆ ಆಕಾಶದಿಂದ ಕಾಳು ಸುರಿಸಲಿಲ್ಲ. ಉಳಿದ ಬುಡದ ಮೂಲಕ, ಬೇರು ಹಿಡಿದ ನೆಲದ ಮೂಲಕ ಬಂತು. ನೆಲವನ್ನು ಹಾಳುಗೆಡವಿದವನಿಗೆ ಕೃಪೆ ಇಳಿಯಲು ಜಾಗವೇ ಇರುವುದಿಲ್ಲ. ಅಹಿಂಸೆಯ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ಗಂಭೀರ. ಇದೇ ಕಲಬುರಗಿ ಜಿಲ್ಲೆಯ ಮಳಖೇಡ, ಜೈನಧರ್ಮಕ್ಕೆ ಆಶ್ರಯ ಕೊಟ್ಟ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಜೈನದರ್ಶನದ ಪ್ರಕಾರ ಮಣ್ಣಿಗೇ ಜೀವವಿದೆ, ಅಗೆದರೆ ಹಿಂಸೆ, ಗೊಬ್ಬರದ ಗುಂಡಿ ಲೆಕ್ಕವಿಲ್ಲದ ಜೀವಿಗಳ ಹುಟ್ಟುಸಾವಿನ ಜಾಗ. ಆದರೆ ರಾಷ್ಟ್ರಕೂಟ ದೊರೆ ಅಮೋಘವರ್ಷ ಗುರುವೆಂದು ಭಾವಿಸಿದ ಜಿನಸೇನರ ಆದಿಪುರಾಣದಲ್ಲೇ ಆದಿನಾಥ ಜನರಿಗೆ ಕಲಿಸಿದ ಆರು ಕರ್ಮಗಳಲ್ಲಿ ಕೃಷಿಯೂ ಒಂದು. ಉಣ್ಣುವವರಿಗೆ ಹಿಂಸೆಯಿಂದ ಪೂರ್ಣ ಬಿಡುಗಡೆ ಇಲ್ಲ. ಅದನ್ನು ತಗ್ಗಿಸುವ ಹೊಣೆ ಇದೆ. ಕಳಿತ ಗೊಬ್ಬರ, ಮುಚ್ಚಿಗೆಯಾಗಿ ಹರಡಿದ ಒಣಸೊಪ್ಪು ಪದೇಪದೇ ಅಗೆಯುವ ಅಗತ್ಯವನ್ನು ಕಡಿಮೆ ಮಾಡುತ್ತವೆ, ಕೊಲ್ಲುವ ಜೀವಗಳಿಗಿಂತ ಹೆಚ್ಚು ಜೀವಗಳನ್ನು ಸಾಕುತ್ತವೆ. ರವದಿಗೆ ಹಚ್ಚಿದ ಬೆಂಕಿಯಲ್ಲಿ ಬೇಯುವ ಹುಳಹುಪ್ಪಡಿಗಳನ್ನು ನೆನೆದರೆ ಯಾವ ದಾರಿ ಅಹಿಂಸೆಗೆ ಹತ್ತಿರವೆಂದು ಬೇರೆ ಹೇಳಬೇಕಿಲ್ಲ.

ಎಲ್ಲಕ್ಕಿಂತ ಕಠಿಣ ಆಕ್ಷೇಪ ಕೊನೆಯದು. ಕೊಳೆ ಪವಿತ್ರವೆಂದು ಹೊಗಳುವುದು ಸುಲಭ. ಆ ಕೊಳೆಯನ್ನು ಹೊತ್ತವರು ಯಾರು? ಸತ್ತ ದನ ಎಳೆದವರು, ಗಟಾರ ಬಳಿದವರು, ಮಲ ಹೊತ್ತವರು, ಹೊಲಕ್ಕೆ ಸತ್ವ ತಂದುಕೊಟ್ಟವರನ್ನೇ ಊರಾಚೆ ಇರಿಸಿದ ಸಮಾಜ ನಮ್ಮದು. ಕಾಂಪೋಸ್ಟ್ ಚರಿತ್ರೆಯಲ್ಲೇ ಈ ನೆರಳಿದೆ. ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ರೂಪಿಸಿದ ಕ್ರಮದಷ್ಟೇ ಹೆಸರಾದ ‘ಬೆಂಗಳೂರು ವಿಧಾನ’ವನ್ನು ಸಿ. ಎನ್. ಆಚಾರ್ಯ 1939ರಲ್ಲಿ ರೂಪಿಸಿದ್ದು ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ ಗೊಬ್ಬರ ಮಾಡಲು. ವಿಜ್ಞಾನದ ದೃಷ್ಟಿಯಿಂದ ಅದು ದೊಡ್ಡ ಸಾಧನೆ. ಆದರೆ ಆ ಮಲವನ್ನು ಗುಂಡಿಯವರೆಗೆ ತಲೆಯ ಮೇಲೆ ಹೊತ್ತು ತರುವ ಕೆಲಸ ಜಾತಿಗೆ ಕಟ್ಟಿದ ಕೆಲಸವಾಗಿತ್ತು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಕ್ಕೆ ಅದರ ಕಾಯಿದೆ ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾಗಿ 2013ರಲ್ಲಿ. ಈ ಆಕ್ಷೇಪಕ್ಕೆ ಮಾತಿನ ಉತ್ತರ ಇಲ್ಲ, ನಡೆಯ ಉತ್ತರ ಮಾತ್ರ ಇದೆ. ಕೊಳೆ ಮೈಲಿಗೆ ಎಂಬ ನಂಬಿಕೆ ಇರುವವರೆಗೂ ಅದನ್ನು ಮುಟ್ಟುವವರೂ ಮೈಲಿಗೆಯಾಗುತ್ತಾರೆ. ಎರಡು ಸುಳ್ಳುಗಳೂ ಒಟ್ಟಿಗೇ ಹುಟ್ಟಿದವು, ಒಟ್ಟಿಗೇ ಸಾಯಬೇಕು. ಜಾತಿಸೂತಕವನ್ನೂ ಎಂಜಲುಸೂತಕವನ್ನೂ ಶರಣರು ಒಂದೇ ಪಟ್ಟಿಯಲ್ಲಿ ಇಟ್ಟದ್ದು ಆಕಸ್ಮಿಕವಲ್ಲ. ಆದ್ದರಿಂದ ಮಣ್ಣಿನ ದಾಸೋಹಕ್ಕೆ ಒಂದು ಕರಾರು: ಆ ಕೆಲಸ ಕಾಯಕವಾಗಬೇಕಾದರೆ ತನ್ನ ಮನೆಯ ಕಸವನ್ನು ತಾನೇ ಹೊರಬೇಕು. ಹೊರೆಯನ್ನು ಇನ್ನೊಬ್ಬರ ತಲೆಗೆ ದಾಟಿಸಿ ಗೊಬ್ಬರವನ್ನು ಪವಿತ್ರವೆನ್ನುವುದು ಹಳೆಯ ಅನ್ಯಾಯಕ್ಕೆ ಹೊಸ ಹೆಸರಿಟ್ಟಂತೆ.

ಈ ಕಾಯಕ ಹಿತ್ತಲಲ್ಲಿ ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ಬೇಸಿಗೆಯಲ್ಲಿ ನೆಲವನ್ನು ಒಂದು ಗೇಣು ಅಗೆದು ಹೆಂಟೆಗಳನ್ನು ಬಿಸಿಲಿಗೆ ಬಿಟ್ಟರೆ ಮೊದಲ ಮಳೆಗೆ ಅವು ತಾವೇ ಒಡೆಯುತ್ತವೆ. ಹಸಿ ಎರೆಯನ್ನು ಮಾತ್ರ ತುಳಿಯಬಾರದು, ತುಳಿದರೆ ಅದು ಒಣಗಿ ಕಲ್ಲಾಗುತ್ತದೆ. ಜಾಗ ಖಾಲಿ ಇದ್ದರೆ ಸೆಣಬು ಅಥವಾ ಡಯಾಂಚ ಬಿತ್ತಿ, ಹೂ ಬರುವ ಹೊತ್ತಿಗೆ ಕೊಯ್ದು ಮಣ್ಣಿಗೆ ಸೇರಿಸಿ, ಎರಡು ಮೂರು ವಾರ ಕಳಿಯಲು ಬಿಡಬೇಕು. ಆಮೇಲೆ ಗುಂಟೆಗೆ 250 ಕಿಲೊದ ಲೆಕ್ಕದಲ್ಲಿ ಪೂರ್ತಿ ಕಳಿತ ಗೊಬ್ಬರ ಬೆರೆಸಿ, ನೀರು ನಿಲ್ಲದಂತೆ ಮಡಿಗಳನ್ನು ಏರಿಸಿ, ನಡುವೆ ಕಾಲುವೆ ಬಿಡಬೇಕು. ಬೂದಿ ಬೇಡ. ಬೋರಿನ ನೀರು ಉಪ್ಪಾಗಿದ್ದಲ್ಲಿ, ಜೇವರ್ಗಿಯ ಕಾಲುವೆ ಬಯಲಿನಂತೆ ನೀರಾವರಿಯಿಂದ ನೆಲ ಚೌಳಾಗುವ ಭಯವಿದ್ದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಸೋಡಿಯಂ ಹೆಚ್ಚಿದ್ದರೆ ಮಾತ್ರ ಜಿಪ್ಸಂ ಹಾಕಬೇಕು. ಇವುಗಳಲ್ಲಿ ಯಾವುದಕ್ಕೂ ಮಂತ್ರ ಬೇಕಿಲ್ಲ. ಕಾಯುವ ತಾಳ್ಮೆ, ಮುಟ್ಟುವ ಮನಸ್ಸು ಬೇಕು. ಭೂಮಿಯನ್ನು ಅಗೆಯುವವನು ಆಕೆಯ ಮರ್ಮಕ್ಕೆ ಪೆಟ್ಟು ಬೀಳದಿರಲಿ ಎಂದು ಬೇಡಿಕೊಳ್ಳುವ ಮಾತು ಅಥರ್ವವೇದದ ಭೂಮಿಸೂಕ್ತದಲ್ಲಿದೆ. ಆ ಬೇಡಿಕೆಯನ್ನು ಈಡೇರಿಸುವ ಶಕ್ತಿ ಬೇಡುವವನ ಕೈಯಲ್ಲೇ ಇದೆ.

ಒಟ್ಟಿನಲ್ಲಿ ತೀರ್ಪು ಇಷ್ಟು. ಬೂದಿಗೆ ಅದರ ಸ್ಥಾನ ಹಣೆಯ ಮೇಲಿದೆ, ಅದು ಅಲ್ಲಿಯೇ ಇರಲಿ. ತಿಪ್ಪೆಗೆ ಅದರ ಸ್ಥಾನ ನಮ್ಮ ಶ್ರದ್ಧೆಯೊಳಗೆ ಇನ್ನೂ ಸಿಕ್ಕಿಲ್ಲ, ಅದನ್ನು ಕೊಡಬೇಕು. ಬರುವ ಎಳ್ಳ ಅಮಾವಾಸ್ಯೆಗೆ ಚರಗದ ಜೊತೆ ಒಂದು ಬುಟ್ಟಿ ಕಳಿತ ಗೊಬ್ಬರವೂ ಹೊಲಕ್ಕೆ ಹೋಗಲಿ, ಅದನ್ನು ಮನೆಯ ಯಜಮಾನನೇ ಹೊರಲಿ.